ಗೋಡೆಯ ಮೇಲಿನ ಕರಬೂಜ

ಮಾನ್ವಿ
ಸರ್ವಧಾರಿ ಸಂವತ್ಸರ, ಮಾಘ ಮಾಸ, 1949

ಮಾತೃಶ್ರೀ ಸಮಾನಳಾದ ಭಾಗೀರಥಿ ಅಕ್ಕನಿಗೆ ತಂಗಿ ಅನಸೂಯಾಳ ನಮಸ್ಕಾರಗಳು.

ದೇವದುರ್ಗದಿಂದ ನೀನು ಬರೆದ ಪತ್ರ ಸಂಕ್ರಾಂತಿಗೇ ಬಂದಿತ್ತು. ಉತ್ತರ ತಡವಾಯಿತು, ಬೈಯಬೇಡ. ಬರೆಯಲು ಕೂತರೆ ಕಿವಿ ಬಾಗಿಲ ಕಡೆಗೇ ಹೋಗುತ್ತದೆ. ಅಗಳಿ ಸದ್ದಾದರೆ ಎದ್ದುಬಿಡುತ್ತೇನೆ. ರಜಾಕಾರರ ಗಲಾಟೆಯ ಕಾಲದಲ್ಲಿ ನದಿ ದಾಟಿ ಹೋರಾಟದ ಶಿಬಿರಕ್ಕೆ ಹೋದ ಹುಡುಗರೆಲ್ಲ ದಸರೆ ಹೊತ್ತಿಗೆ ಮನೆ ಸೇರಿದರು. ನನ್ನ ಮಗ ಜಗನ್ನಾಥ ಬರಲಿಲ್ಲ. ಇವರು ರಾಯಚೂರಿಗೆ ಹೋಗಿ ವಿಚಾರಿಸಿ ಬಂದಾಗಲೆಲ್ಲ "ಇವತ್ತಿಲ್ಲ ನಾಳೆ ಬರ್ತಾನ" ಅನ್ನುತ್ತಾರೆ. ನನ್ನ ಮುಖ ಮಾತ್ರ ನೋಡುವುದಿಲ್ಲ.

ಹಿತ್ತಲ ಸುದ್ದಿ ಕೇಳಿದ್ದೀಯಲ್ಲ. ಹೋಗುವ ಮುಂಚೆ ಅವನು ತಂದಿಟ್ಟಿದ್ದ ಟಮಾಟಿ ಬೀಜವನ್ನು ಒಡಕು ಗಡಿಗೆಯಲ್ಲಿ ಸಸಿ ಮಾಡಿ, ಬಚ್ಚಲ ನೀರು ಹರಿಯುವಲ್ಲಿ ನೆಟ್ಟೆ. ಹಾಳಾದ್ದು, ಬೇಡವೆಂದಷ್ಟೂ ಕಾಯುತ್ತದೆ. ಮೊದಲ ಹಣ್ಣು ಕಂಡ ದಿನ ಅತ್ತೆಯವರು, "ರಾಮ ರಾಮಾ, ರಕ್ತದ ಬಣ್ಣ! ಅಡಿಗಿ ಮನಿಯೊಳಗ ತಂದ್ರ ನಾ ಉಪವಾಸ ಬೀಳ್ತೀನಿ ನೋಡು" ಎಂದರು. ಅವನ್ನೆಲ್ಲ ಹಾಲಿನ ಭೀಮವ್ವನ ಉಡಿಗೆ ಹಾಕಿ ಕಳಿಸುತ್ತೇನೆ. ಮೊನ್ನೆ ಅದೇ ಅತ್ತೆ ಪಕ್ಕಕ್ಕೆ ಬಂದು ಮೆಲ್ಲಗೆ, "ಒಂದೆರಡು ಗಿಡದಾಗ ಬಿಡು. ಜಗನ್ನಾಥ ಬಂದ್ರ ಅವಗ ಸಾರು ಮಾಡಿ ಹಾಕು. ನಾ ಆ ಕಡಿ ನೋಡಂಗಿಲ್ಲ" ಅಂದರು. ನನಗೆ ಅಳು ತಡೆಯಲಾಗಲಿಲ್ಲ ಅಕ್ಕಾ.

ಈ ಸಲ ಕರಬೂಜ ಯಾಕೆ ಹಾಕಿಲ್ಲ ಎಂದು ಕೇಳಿದ್ದೀಯ. ಬೀಜ ಇಲಿ ತಿಂದವು. ಭೀಮವ್ವನೂ ದಿನಾ ಕಾಡುತ್ತಾಳೆ: "ಬಾಯಾರ, ಪಾತಿ ಅಗದು ಖಾಲಿ ಬಿಟ್ಟೀರಲ್ರೀ. ಬಿಸಲು ಏರಿದ ಮ್ಯಾಲ ಹಾಕಿದ್ರ ಏನ್ ಬರ್ತದ?" ನಾನು ಆ ಪಾತಿಗೆ ನೀರು ಹಾಕಿ ಬರುತ್ತೇನೆ. ಕೂತಲ್ಲಿ ಕೂಡಲಾರೆ, ನಿಂತಲ್ಲಿ ನಿಲ್ಲಲಾರೆ.

ನಿನ್ನ ಮಂಡಿ ನೋವಿಗೆ ಎಣ್ಣೆ ತಪ್ಪಿಸಬೇಡ. ಭಾವನವರಿಗೆ ನಮಸ್ಕಾರ. ಮಕ್ಕಳಿಗೆ ರಾಯರು ಆಯುಷ್ಯ, ಆರೋಗ್ಯ ಕೊಡಲಿ.

ನಿನ್ನ ತಂಗಿ,
ಅನಸೂಯಾ

ತಾ.ಕ.: ಇಲಿ ತಿಂದದ್ದು ಸುಳ್ಳು. ಹೋದ ಬೇಸಿಗೆಯಲ್ಲಿ ನನ್ನ ಕೈ ಸುಟ್ಟಿತ್ತಲ್ಲ, ಆಗ ಕರಬೂಜದ ಬೀಜ ಈ ಸಲದ ಬಿತ್ತನೆಗೆ ಕೆಡದಿರಲೆಂದು ಸೆಗಣಿಯಲ್ಲಿ ಕಲಸಿ, ಹಿತ್ತಲ ಗೋಡೆಗೆ ಕುಳ್ಳು ತಟ್ಟಿಟ್ಟವನು ಜಗನ್ನಾಥ. "ಗಂಡಸು ತಟ್ಟಿದ ಕುಳ್ಳಿನಾಗಿನ ಬೀಜ ಮೊಳಕಿ ಒಡೀತಾವೇನೋ?" ಎಂದು ನಾನೇ ನಕ್ಕಿದ್ದೆ. ಅವನ ಐದೂ ಬೆರಳು ಅದರ ಮೇಲೆ ಹಾಗೇ ಮೂಡಿವೆ. ಒಡೆಯದೆ ಬೀಜ ಸಿಗುವುದಿಲ್ಲ, ಇನ್ನು ಬಿಟ್ಟರೆ ಹುಳ ಬೀಳುತ್ತದೆ. ನನ್ನ ಕೈಯಿಂದ ಆಗುವುದಿಲ್ಲ. ನೀನು ಬಾ. ನಾನು ಬಾವಿಗೆ ಹೋದಾಗ ಒಡೆದು, ಬೀಜ ಪಾತಿಗೆ ಹಾಕು. ಚೂರುಗಳನ್ನು ಮಾತ್ರ ಒಲೆಗೆ ಹಾಕಬೇಡ.