ಅಪ್ಪನ ಬಲಗೆನ್ನೆ

ಹಲಸೂರು
22-1-1999

ಪ್ರೀತಿಯ ಧನಕ್ಕನಿಗೆ,

ಕೆಂಪರಾಜನ ನಮಸ್ಕಾರ. ಮಾಲೂರಿನಲ್ಲಿ ನೀನೂ ಭಾವನೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಕಾಗದಗಳಿಗೆ ಉತ್ತರ ಬರೆಯದಿದ್ದದ್ದು ಸೋಮಾರಿತನದಿಂದಲ್ಲ. 'ನನ್ನ ಮದುವೆಯಲ್ಲಿ ಅಪ್ಪ ಕ್ಲಾರಿನೆಟ್ ಊದಲಿಲ್ಲ, ಕಳಿಸುವಾಗ ಮಾತೂ ಆಡಲಿಲ್ಲ, ನನ್ನ ಮೇಲೆ ಅಷ್ಟು ಕೋಪವೇ?' ಅಂತ ಕೇಳಿದ್ದೀಯ. ಬರೆದರೆ ನಿಜ ಬರೆಯಬೇಕು. ಬರೆಯಬಾರದು ಅಂತ ಅಪ್ಪನ ಅಪ್ಪಣೆ. ಆದರೆ ಇವತ್ತು ಬೆಳಿಗ್ಗೆ ಅಪ್ಪ ಊದಿದರು. ಇನ್ನು ನನ್ನ ಕೈಲಿ ಸುಮ್ಮನಿರಲು ಆಗುವುದಿಲ್ಲ.

ಅಪ್ಪನ ಮುಖದ ಬಲಭಾಗ ಬಿದ್ದುಹೋಗಿತ್ತು. ಹೆದರಬೇಡ, ಪಾರ್ಶ್ವವಾಯು ಅಲ್ಲ, ಕೈಕಾಲು ಚೆನ್ನಾಗಿವೆ. ಒಂದು ಬೆಳಿಗ್ಗೆ ಎದ್ದಾಗ ಬಲಗಣ್ಣು ಮುಚ್ಚಲಿಲ್ಲ, ಕುಡಿದ ಕಾಫಿ ಬಾಯಿಯ ಮೂಲೆಯಿಂದ ಸೋರಿತು. ಜೋರಾಗಿ ಊದಿದರೆ ಕೆನ್ನೆ ಸರಿಹೋಗುತ್ತದೆ ಅಂತ ಬ್ಯಾಂಡಿನವರ ಬುದ್ಧಿ ಓಡಿಸಿ, ಉಗ್ರಾಣದ ಬಾಗಿಲು ಹಾಕಿಕೊಂಡು ಊದಿದ್ದೇ ಊದಿದ್ದು. ಗಾಳಿಯೆಲ್ಲ ಬಲಗಡೆ ಸೋರಿಹೋಯಿತು.

ಶಿವಾಜಿನಗರದ ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ನೂರ್ಜಹಾನ್ ಮೇಡಂ ಬೈದರು. "ಊದಬೇಡಿ ಮುನಿರಾಜಪ್ಪನವರೇ. ಕನ್ನಡಿ ನೋಡ್ಕೊಂಡು ಮೆತ್ತಗೆ ನಗಿ."

"ಊದೋದು ನನ್ ಕಸುಬು ಮೇಡಂ. ನಗೋದು ಅಭ್ಯಾಸ ಇಲ್ಲ," ಅಂತ ಅಪ್ಪ ತೊದಲಿದರು.

ನಾನು ಸುಮ್ಮನಿರದೆ, ಕೆನ್ನೆ ಕೆಟ್ಟುಹೋಗಿದೆಯಾ ಅಂತ ಮೇಡಂನ ಕೇಳಿದೆ. "ಗ್ಯಾರೇಜಲ್ಲಿದ್ದೆ ಅಂತೀಯ. ಹಾರ್ನ್ ಹೊಡೀಲಿಲ್ಲ ಅಂದ್ರೆ ಏನು ನೋಡ್ತೀಯ?"

"ಮೊದಲು ವೈರ್ ನೋಡ್ತೀನಿ."

"ಹಂಗೇ ಇದೂ."

ಮೆದುಳಿನಿಂದ ಬರುವ ನರ ಕಿವಿಯ ಹಿಂದೆ ಮೂಳೆಯ ಸಣ್ಣ ಸುರಂಗ ದಾಟಿ ಮುಖಕ್ಕೆ ಹರಡುತ್ತದಂತೆ. ಅದು ಊದಿಕೊಂಡು, ಸುರಂಗದಲ್ಲಿ ಅಮುಕಿಕೊಂಡಿದೆ. ಸ್ನಾಯು ಕೆಟ್ಟಿಲ್ಲ, ಅಪ್ಪಣೆಗೆ ಕಾಯುತ್ತಿದೆ. ಇನ್ನೊಂದು ವಿಷಯ ಕೇಳಿ ನನಗೆ ನಿದ್ದೆಯೇ ಬರಲಿಲ್ಲ ಅಕ್ಕ. ನರ ಸ್ನಾಯುವನ್ನು ಮುಟ್ಟುವುದೇ ಇಲ್ಲ! ನಡುವೆ ಕೂದಲಿಗಿಂತ ಎಷ್ಟೋ ಸಣ್ಣ ಸಂದು. ಸುದ್ದಿ ಅಲ್ಲಿಯವರೆಗೆ ಕರೆಂಟಿನಂತೆ ಬಂದು, ಒಂದು ರಸವಾಗಿ ಆ ದಡ ಸೇರುತ್ತದೆ. ಆಗ ಸ್ನಾಯುವಿನ ಎಳೆಗಳು ಒಂದರೊಳಗೊಂದು ಜಾರಿ ಬಿಗಿಯಾಗುತ್ತವೆ. ಒಂದು ನಗೆಗೆ ಇಷ್ಟೆಲ್ಲ ನಡೆಯಬೇಕು. ಶಾಲೆಯಲ್ಲಿ ಹೀಗೆ ಹೇಳಿದ್ದರೆ ನಾನು ಒಂಬತ್ತನೇ ಕ್ಲಾಸಿಗೆ ಓದು ಬಿಡುತ್ತಿರಲಿಲ್ಲ. ಇಲ್ಲ, ಸುಳ್ಳು. ಆಗಲೂ ಬಿಡುತ್ತಿದ್ದೆ.

ಧನುರ್ಮಾಸವೂ ರಂಜಾನೂ ಒಟ್ಟಿಗೆ ಬಂದಿದ್ದರಿಂದ ಬ್ಯಾಂಡಿಗೆ ಕೆಲಸವಿರಲಿಲ್ಲ. "ಈದ್ ಆದ್ಮೇಲೆ ಮದುವೆ ಶುರು. ಅಷ್ಟರಲ್ಲಿ ಆಗ್ಲಿಲ್ಲ ಅಂದ್ರೆ ತಾಳ ಹಿಡ್ಕೋ ಮುನಿರಾಜ," ಅಂದಿದ್ದರು ಬ್ಯಾಂಡ್ ಮಾಸ್ಟರ್ ಮಂಜೂರ್ ಭಾಯ್. ತಾಳ ಅಂದ ದಿನ ಅಪ್ಪ ಊಟ ಮಾಡಲಿಲ್ಲ.

ದಿನಾ ಬೆಳಿಗ್ಗೆ ಕನ್ನಡಿ ಮುಂದೆ ಪ ಫ ಬ ಭ ಮ. ತುಟಿ ಸೇರಲೇಬೇಕಾದ ಅಕ್ಷರಗಳು. ನಾನೇ ಮೇಷ್ಟ್ರು. "ನೀನು ಆಗ ಇಷ್ಟು ಓದಿದ್ರೆ ಪಾಸಾಗಿರ್ತಿದ್ದೆ ಕಣೋ" ಅನ್ನುವುದಕ್ಕೆ ಹೋಗಿ, 'ಪಾಸು' ಹೊರಡದೆ ಅಪ್ಪನಿಗೇ ನಗು ಬಂತು. ಆಗ ಮೊದಲ ಸಲ ಬಲಗೆನ್ನೆ ಅದುರಿತು!

ಇವತ್ತು ಗಾಳಿ ಸೋರದೆ ಬಾಯಲ್ಲಿ ನಿಂತಿತು ಅಕ್ಕ. ಒಂದೇ ಸ್ವರ, ಉದ್ದವಾಗಿ, ಕೊನೆಯಲ್ಲಿ ಸ್ವಲ್ಪ ಒಡೆಯಿತು. ಅಮ್ಮ ನಲ್ಲಿಯಿಂದ ತಂದ ಬಿಂದಿಗೆ ಇಳಿಸುವುದನ್ನೂ ಮರೆತು ಬಾಗಿಲಲ್ಲೇ ನಿಂತಿದ್ದರು. ಮಂಜೂರ್ ಭಾಯ್ ಬಂದು ಕೇಳಿ, "ಎರಡನೇ ಸಾಲಲ್ಲಿ ನಿಂತ್ಕೋ, ಮೊದಲನೇದು ಆಮೇಲೆ ನೋಡೋಣ" ಅಂದರು. ತಾಳದ ಮಾತು ಎತ್ತಲಿಲ್ಲ.

ಅಮ್ಮ ನಿಮ್ಮಿಬ್ಬರಿಗೂ ಆಶೀರ್ವಾದ ತಿಳಿಸಿದ್ದಾರೆ. ಬಿಸಿಲಲ್ಲಿ ತಿರುಗಬೇಡ ಅಂತಲೂ ಹೇಳಿದ್ದಾರೆ.

ನಿನ್ನ ತಮ್ಮ,
ಕೆಂಪರಾಜ್

ತಾ.ಕ.: ಅಪ್ಪನ ಮುಖ ಬಿದ್ದ ಆ ಬೆಳಿಗ್ಗೆ ಯಾವುದು ಅಂತ ಬರೆದಿಲ್ಲ. ಅದು ನಿನ್ನ ಧಾರೆಯ ಬೆಳಿಗ್ಗೆ. ಉಗ್ರಾಣ ಛತ್ರದ್ದು. ಸೊಟ್ಟಮುಖ ನೋಡಿ ಬೀಗರು ನಿನ್ನನ್ನು ಏನಾದರೂ ಅಂದಾರು ಅಂತ ಅಪ್ಪ ತಲೆ ತಗ್ಗಿಸಿಕೊಂಡೇ ಧಾರೆ ಎರೆದು, ಆಮೇಲೆ ಮುಖಕ್ಕೆ ಟವೆಲ್ ಸುತ್ತಿಕೊಂಡು ಕಂಬದ ಹಿಂದೆ ನಿಂತರು. ಕಳಿಸುವಾಗ ಮಾತಾಡಲಿಲ್ಲ ಅಂತ ಅಲ್ಲ, ಮಾತಾಡಲು ಹೋದರು, ತುಟಿ ಸೇರಲಿಲ್ಲ. ಭಾನುವಾರ ಬಾ. ಅಪ್ಪ ಈಗಲೂ ಯಾರು ಬಂದರೂ ಎಡಗೆನ್ನೆ ತಿರುಗಿಸಿಯೇ ಕೂರುತ್ತಾರೆ. ನೀನು ಬಲಗಡೆ ಕೂತುಕೋ.