ಸೊಟ್ಟ ಬಾಯಿಯ ಅನ್ನಮ್ಮ

ಪೊಂಪೀಲಿಯಾ ಅತ್ತೆಗೆ,

ನೀವು ಬದುಕಿದ್ದಾಗ ಎದುರು ನಿಂತು ಹೇಳಲಾಗದ್ದನ್ನು ನಿಮ್ಮ ಸೊಸೆ ವೀತಾ ಈಗ ಬರೆಯುತ್ತಿದ್ದಾಳೆ.

ನೀವು ಹೋದ ಮೇಲಿನ ಮೊದಲ ಸಂತ ಅನ್ನಮ್ಮನ ಹಬ್ಬ ನಿನ್ನೆ ಆಯಿತು. ಬಲಿಪೂಜೆಯ ನಡುವೆ ಹೊಸ ಪಾದ್ರಿಗಳು ಪ್ರತಿಮೆಯನ್ನು ತೋರಿಸಿ, ಇದನ್ನು ಮಾಡಿದ ವೀತಾಳ ಧೈರ್ಯ ದೊಡ್ಡದು ಎಂದರು. ಎಲ್ಲರೂ ತಿರುಗಿ ನೋಡಿದರು. ನಾನು ತಲೆ ತಗ್ಗಿಸಿದೆ. ಅದನ್ನು ವಿನಯ ಅಂದುಕೊಂಡರು.

ಲಕ್ವ ಹೊಡೆದು ಮುಖದ ಎಡಭಾಗ ಜೋತುಬಿದ್ದ ಮೇಲೆ ನೀವು ಎರಡು ವರ್ಷ ಹೊಸ್ತಿಲು ದಾಟಲಿಲ್ಲ. ಒಂದು ಭಾನುವಾರವೂ ಚರ್ಚು ತಪ್ಪಿಸದಿದ್ದವರು ರೇಡಿಯೋದಲ್ಲಿ ಪೂಜೆ ಕೇಳಿದಿರಿ. ಕನ್ನಡಿಗೆ ಬಟ್ಟೆ ಹೊದಿಸಿದಿರಿ. ನಿಮಗೆ ಕಡಲೆ ಸಾರು ಕುಡಿಸಿ, ತುಟಿಯಂಚಿನಿಂದ ಸೋರಿದ್ದನ್ನು ಒರೆಸುವಾಗ ನಾನು ಬೇರೆ ಕಡೆ ನೋಡುತ್ತಿದ್ದೆ. ಅದು ನಿಮಗೆ ಗೊತ್ತಾಗುತ್ತಿತ್ತು. "ದಿನಾ ಸಂತರ ಮುಖ ತಿದ್ದೋಳಿಗೆ ನನ್ನ ಮುಖ ನೋಡಕ್ಕೆ ಭಯಾನಾ?" ಎಂದಿರಿ ಒಮ್ಮೆ. ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಆ ಎರಡು ವರ್ಷ ತುಂಬಿದ ವಸಂತದಲ್ಲಿ ಆಗಿನ ಪಾದ್ರಿ ಕ್ವಿಂತೀನೋ, ಯೇಸುವಿನ ತಾಯಿ ಮರಿಯಮ್ಮನನ್ನು ಹೆತ್ತ ಅನ್ನಮ್ಮನ ಪ್ರತಿಮೆ ಬೇಕೆಂದರು. ಚೌಕದಾಚೆಯ ನಮ್ಮ ಕಾರ್ಯಾಗಾರದಲ್ಲಿ ತಂತಿ, ಹುಲ್ಲು, ಅಂಟು ಸವರಿದ ಕಾಗದದಿಂದ ಮೈ ಕಟ್ಟುತ್ತಿದ್ದೆವು. ಮುಖ ಮಾತ್ರ ಮಾವನವರ ಕಾಲದ ಅಚ್ಚಿನದು. ಸಂತ ಲೂಸಿಯಾಗೂ ಅದೇ ಗಲ್ಲ, ಸಂತ ಬಾರ್ಬರಾಗೂ ಅದೇ. ಅದರ ಮೇಲೆ ಸುಕ್ಕು ಕೊರೆದರೆ ಇಪ್ಪತ್ತರ ಹುಡುಗಿ ಅಜ್ಜಿಯ ವೇಷ ಹಾಕಿದಂತೆ ಕಂಡಿತು.

ಒಂದು ಮಧ್ಯಾಹ್ನ ಊಟಕ್ಕೆ ಬಂದೆ. ಪಕ್ಕದ ಮನೆಯ ನೂಂತ್ಸಿಯಾ ಬ್ರೆಡ್ ತರಲು ಹೋಗುತ್ತ ಮಗುವನ್ನು ನಿಮ್ಮ ತೊಡೆಯ ಮೇಲೆ ಬಿಟ್ಟಿದ್ದಳು. ಅದು ನಿಮ್ಮ ಜೋತ ತುಟಿಯನ್ನು ಹಿಡಿದು ಜಗ್ಗುತ್ತಿತ್ತು. "ಎಳಿ ಪುಟ್ಟಿ, ಇನ್ನೂ ಸ್ವಲ್ಪ ಎಳಿ, ನೆಟ್ಟಗಾದ್ರೂ ಆಗ್ಲಿ" ಎನ್ನುತ್ತಿದ್ದಿರಿ. ಬಲಗೆನ್ನೆ ನಗುತ್ತಿತ್ತು. ಎಡಗೆನ್ನೆ ನಗಲಾರದೆ ಸುಮ್ಮನಿತ್ತು. ಆ ಬದಿಯ ಕಣ್ಣಲ್ಲಿ ಮಾತ್ರ ನೀರು ತುಂಬಿತ್ತು. ಮರಿಯಮ್ಮನನ್ನು ಎತ್ತಿ ಆಡಿಸಿದವಳೂ ಹೀಗೇ ಇದ್ದಿರಬೇಕು ಅನ್ನಿಸಿತು. ಎರಡು ವರ್ಷಗಳಲ್ಲಿ ಮೊದಲ ಸಲ ನಿಮ್ಮ ಮುಖವನ್ನು ಪೂರ್ತಿ ನೋಡಿದೆ. ಉಣ್ಣದೆ ಹಿಂದಿರುಗಿ ಜೇಡಿಮಣ್ಣು ಕಲಸಿದೆ.

ಅನ್ನಮ್ಮನಿಗೆ ನಿಮ್ಮ ಮುಖ ಕೊಡುವ ಮೊದಲು ನಿಮ್ಮನ್ನು ಕೇಳಲಿಲ್ಲ. ಅದು ತಪ್ಪು. ನಿಮ್ಮ ಮಗ ಒರೊಂತ್ಸೋ ಬಾಯಿ ತಪ್ಪಿ ಹೇಳಿಬಿಟ್ಟಾಗ, "ನನ್ನ ಸೊಟ್ಟ ಮೂತಿನ ಊರೆಲ್ಲ ಮೆರವಣಿಗೆ ಮಾಡ್ತೀಯೇನೇ?" ಎಂದು ಗೋಡೆಯ ಕಡೆ ಹೊರಳಿದಿರಿ. ಮೂರು ದಿನ ನನ್ನ ಕೈಯಿಂದ ಉಣ್ಣಲಿಲ್ಲ.

ನಾಲ್ಕನೆಯ ದಿನ ಪಾದ್ರಿಗಳು ಕಾರ್ಯಾಗಾರಕ್ಕೆ ಬಂದು ಮಣ್ಣಿನ ತಲೆ ನೋಡಿದರು. "ಜನ ಬೇಡಿಕೊಳ್ಳೋಕೆ ಬರ್ತಾರಮ್ಮ, ಅಯ್ಯೋ ಪಾಪ ಅನ್ನೋಕಲ್ಲ. ಬಾಯಿ ನೆಟ್ಟಗೆ ಮಾಡು."

ಆ ಮಾತು ಹೊರಗೇ ಕೇಳಿಸಿರಬೇಕು, ಆಗಲೇ ನೀವು ಬಾಗಿಲು ತಳ್ಳಿದ್ದು. ಮೂಗಿನವರೆಗೆ ಶಾಲು ಹೊದ್ದು, ಮಗನ ತೋಳು ಹಿಡಿದು, ಬೆಳಗಿನ ಚೌಕವನ್ನು ಎಲ್ಲರ ಕಣ್ಣೆದುರು ದಾಟಿ ಬಂದಿದ್ದಿರಿ. ಬೈಯಲೆಂದೇ ಬಂದಿರೆಂದುಕೊಂಡೆ. ಬಹಳ ಹೊತ್ತು ಆ ತಲೆಯ ಮುಂದೆ ನಿಂತಿರಿ. ಮಣ್ಣಿನ ಕೆನ್ನೆಯನ್ನು ಬೆರಳಿನಿಂದ ಮುಟ್ಟಿದಿರಿ.

"ಮೂಗು ಕೆಡಿಸಿದ್ದಾಳೆ. ನಂದು ಇದಕ್ಕಿಂತ ಚೆನ್ನಾಗಿದೆ" ಎಂದಿರಿ. ಆಮೇಲೆ ಶಾಲು ತೆಗೆದು ಪಾದ್ರಿಗಳ ಕಡೆ ತಿರುಗಿದಿರಿ. ಮಾತು ತೊದಲಿದರೂ ಒಂದೊಂದೂ ಕೇಳಿಸಿತು. "ಶಿಲುಬೆ ಮೇಲಿರೋನಿಗೆ ಮೈತುಂಬ ಗಾಯ. ಅವನ ಕಾಲಿಗೆ ಮುತ್ತಿಡ್ತೀರಿ. ಅವನ ಅಜ್ಜಿ ಬಾಯಿ ಸೊಟ್ಟ ಇದ್ರೆ ನಿಮಗೇನು ಕಷ್ಟ ಫಾದರ್?"

ಪಾದ್ರಿಗಳು ನಿಮ್ಮನ್ನು ನೋಡಿದರು, ಮಣ್ಣನ್ನು ನೋಡಿದರು. "ಮೂಗೊಂದು ಸರಿ ಮಾಡಿಬಿಡು, ವೀತಾ" ಎಂದು ಟೋಪಿ ಹಾಕಿಕೊಂಡು ಹೊರಟರು. ಮರುದಿನದ ಭಾನುವಾರದಿಂದ ನೀವು ಮತ್ತೆ ಚರ್ಚಿಗೆ ಹೋದಿರಿ, ಶಾಲಿಲ್ಲದೆ.

ನಿಮಗೆ ಹೇಳದೆ ಉಳಿದದ್ದು ಇಷ್ಟು. ನೀವು ಬಾಗಿಲು ತಳ್ಳುವ ಮೊದಲೇ ನಾನು ಮೆಲ್ಲಗೆ "ಆಗಲಿ ಫಾದರ್" ಎಂದಾಗಿತ್ತು. ತುಟಿ ನೆಟ್ಟಗೆ ಮಾಡಲು ಚಾಕು ಎತ್ತಿಕೊಂಡಿದ್ದೆ. ನಿಮ್ಮನ್ನು ಕಂಡು ಅದನ್ನು ಕೆಲಸದ ಅಂಗಿಯ ಜೇಬಿಗೆ ಇಳಿಸಿದೆ. "ಸೊಸೆ ನನ್ನ ಮುಖಕ್ಕಾಗಿ ಪಾದ್ರಿಯ ಎದುರು ನಿಂತಳು" ಎಂದು ನೀವು ಸಾಯುವವರೆಗೂ ನೆರೆಯವರಿಗೆ ಹೇಳಿಕೊಂಡಿರಿ. ನಾನು ನಿಂತಿರಲಿಲ್ಲ, ಅತ್ತೆ. ನಿಂತವರು ನೀವು. ಬರುವ ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ಇದನ್ನು ಹೇಳುತ್ತೇನೆ.

ನೀವೀಗ ಇರುವಲ್ಲಿ ಯಾರೂ ನಿಮ್ಮಿಂದ ಕಣ್ಣು ತಪ್ಪಿಸದಿರಲಿ.

ನಿಮ್ಮನ್ನು ತಡವಾಗಿ ನೋಡಿದ,
ವೀತಾ