ಪೆನ್ಸಿಲ್ ಆಗದ ಮೊಮ್ಮಗ

ಅಖಿಲ ಗೌರಿಬಿದನೂರು ತಾಲ್ಲೂಕು ಸೂಜಿವಿರೋಧಿ ಮಹಾಮಂಡಲದ ಏಕೈಕ ಅಧ್ಯಕ್ಷೆ, ಸ್ವರ್ಗಸ್ಥರಾದ ವೆಂಕಟರತ್ನಮ್ಮಜ್ಜಿಯವರ ಪಾದಾರವಿಂದಗಳಿಗೆ ಮೊಮ್ಮಗ ಮೋಹನ್‌ಬಾಬು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಕಾಲು ಬಾತಿರುವುದರಿಂದ ಸದ್ಯಕ್ಕೆ ಕೈಮುಗಿದದ್ದನ್ನೇ ಸಾಷ್ಟಾಂಗವೆಂದು ಸ್ವೀಕರಿಸಬೇಕು.

ಅಜ್ಜಿ, ಮೊಳೆ ತುಳಿದ ಗಾಯ ಕೀವಾಗಿ ಇವತ್ತು ಆಸ್ಪತ್ರೆಗೆ ಹೋಗಿದ್ದೆ. ಸೂಜಿ ಹಿಡಿದ ಸಿಸ್ಟರ್, "ಯಾವ್ದಾದ್ರೂ ಇಂಜೆಕ್ಷನ್ ನಿಂಗೆ ಆಗಲ್ವೇನಪ್ಪ?" ಅಂದರು. ಚಿಕ್ಕಂದಿನಲ್ಲಿ ಸೂಜಿ ಚುಚ್ಚಿಸಿಕೊಂಡು ನನ್ನ ಮೈಯೆಲ್ಲ ದದ್ದೆದ್ದ ಮೇಲೆ ನೀನು ಕಂಡಕಂಡವರಿಗೆಲ್ಲ ಸಾರುತ್ತಿದ್ದ ಮಾತನ್ನು ನಾನೂ ಗಂಭೀರವಾಗಿ ಸಾರಿದೆ: "ನಮ್ ಹುಡ್ಗನ್ಗೆ ಪೆನ್ಸಿಲ್ ಆಗಲ್ಲ ಕಣಮ್ಮ!"

ಸಿಸ್ಟರ್ ಸೂಜಿ ಕೆಳಗಿಟ್ಟರು. "ಪೆನ್ಸಿಲ್ಲಾ, ಪೆನ್ಸಿಲಿನ್ನಾ? ಇದೂ ಅದೇ ಜಾತಿ ಮದ್ದು ಕಣಪ್ಪ. ಕೊಟ್ಟಿದ್ರೆ ಉಸಿರೇ ನಿಂತೋಗ್ತಿತ್ತೇನೋ!"

ಡಾಕ್ಟರು ಮದ್ದು ಬದಲಾಯಿಸಿದರು. ಚುಚ್ಚಿದ ಮೇಲೂ ಅರ್ಧ ಗಂಟೆ ಎದುರಿಗೇ ಕೂರಿಸಿಕೊಂಡರು. ಚೀಟಿಯ ಮೇಲೆ ಕೆಂಪಕ್ಷರದಲ್ಲಿ ನಿನ್ನ ಮಾತನ್ನೇ ಬರೆದರು. ಸ್ಪೆಲ್ಲಿಂಗ್ ಮಾತ್ರ ತಿದ್ದಿದ್ದಾರೆ.

ಅಜ್ಜಿಯ ಮಾತು ನೆನಪಿಟ್ಟುಕೊಂಡೇ ಬದುಕಿದೆ ಎಂದು ಮನೆಯಲ್ಲಿ ಹೇಳಿದೆ. ಅಮ್ಮ ಕಣ್ಣೊರೆಸಿಕೊಂಡು ನಿನ್ನ ಫೋಟೋಗೆ ಹೂವು ಮುಡಿಸಿದಳು. ನಿನಗೊಬ್ಬಳಿಗೇ ನಿಜ ಹೇಳುತ್ತೇನೆ: ಆ ಮಾತನ್ನು ನಾನು ಯಾವತ್ತೂ ನಂಬಿರಲಿಲ್ಲ. ಸಿಸ್ಟರ್ ನಗಲೆಂದು ನಿನ್ನ ದನಿಯನ್ನು ಅಣಕಿಸಿದ್ದೆ, ಅಷ್ಟೆ.